ಆಟದ ಬಯಲಿಗೆ ಬಂದ ಬಸವ

ದೊಡ್ಡ ಕಾರ್ಯಕ್ಕೆ ಹೊರಡುವ ಮನುಷ್ಯನು ಯಾವುದಾದರೊಂದು ಗುರುತನ್ನು ಮುಂದಿಟ್ಟುಕೊಂಡೇ ಹೊರಡುತ್ತಾನೆ. ಅರ್ಜುನನ ರಥದ ಪತಾಕೆಯಲ್ಲಿ ಹನುಮಂತನಿದ್ದನು. ಶಿವನ ಧ್ವಜದಲ್ಲಿ ವೃಷಭನಿದ್ದಾನೆ. ಪಳನಿಯ ಮುರುಗನ ಧ್ವಜದಲ್ಲಿ ಹುಂಜವಿದೆ. ಚೋಳರಿಗೆ ಹುಲಿ, ಪಾಂಡ್ಯರಿಗೆ ಮೀನು, ಬಾದಾಮಿಯ ಚಾಲುಕ್ಯರಿಗೆ ವರಾಹ, ಮೈಸೂರಿನ ಒಡೆಯರಿಗೆ ಗಂಡಭೇರುಂಡ. ಅರಸನ ಮುಖವನ್ನು ಎಂದೂ ಕಾಣದ ಕಾಲಾಳು ಕೂಡ ಈ ಚಿಹ್ನೆಯನ್ನು ಕಂಡೊಡನೆ ತನ್ನವರು ಯಾರೆಂಬುದನ್ನು ಅರಿಯುತ್ತಿದ್ದನು. ಅರಸರ ಕಾಲ ಮುಗಿಯಿತು. ರಣರಂಗದ ಜಾಗಕ್ಕೆ ಆಟದ ಬಯಲು ಬಂದಿತು. ಆದರೂ ಚಿಹ್ನೆಯ ಮೇಲಣ ಆಸೆ ಮನುಷ್ಯನನ್ನು ಬಿಟ್ಟಿಲ್ಲ.

ಈ ಮಾತನ್ನು ನಾವು ಎತ್ತುವುದಕ್ಕೆ ಕಾರಣವಿದೆ. ೨೦೨೫ರ ನವೆಂಬರ್ ೨೮ರಿಂದ ಡಿಸೆಂಬರ್ ೧೦ರವರೆಗೆ ಚೆನ್ನೈ ಮತ್ತು ಮಧುರೆ ನಗರಗಳಲ್ಲಿ ಕಿರಿಯ ಪುರುಷರ ವಿಶ್ವಕಪ್ ಹಾಕಿ ಪಂದ್ಯಗಳು ನಡೆದವು. ಆ ಕೂಟದ ಗುರುತಾಗಿ ‘ಕಾಂಗೇಯನ್’ ಎಂಬ ಹೋರಿಯ ಚಿತ್ರವನ್ನು ಎಲ್ಲೆಡೆ ಪ್ರಕಟಿಸಿದ್ದರು. ನಮ್ಮ ಶಾಲೆಯ ಆರನೆಯ ತರಗತಿಯ ಬಾಲಕನೊಬ್ಬನು ಪತ್ರಿಕೆಯಲ್ಲಿ ಬಂದಿದ್ದ ಆ ಚಿತ್ರವನ್ನು ಕತ್ತರಿಸಿ ತಂದು, “ಸಾರ್, ಮ್ಯಾಸ್ಕಾಟ್ ಅಂದರೆ ಏನು?” ಎಂದು ಕೇಳಿದನು. ಅದರ ಬೆನ್ನಿಗೇ ಇನ್ನೊಬ್ಬನು, “ಇಂಥ ಹೋರಿ ನಿಜವಾಗಿಯೂ ಉಂಟೋ, ಇಲ್ಲ ಕಟ್ಟುಕತೆಯೋ?” ಎಂದನು.

ಮೊದಲನೆಯ ಪ್ರಶ್ನೆ ನಮಗೆ ಸಂತೋಷವನ್ನು ಕೊಟ್ಟಿತು. ಎರಡನೆಯದು ವ್ಯಥೆಯನ್ನು ಕೊಟ್ಟಿತು. ಕಾಂಗೇಯವೆಂಬುದು ಬೇರೆ ದೇಶವಲ್ಲ. ನಮ್ಮ ತಿರುಪ್ಪೂರು ಜಿಲ್ಲೆಯದೇ ಒಂದು ತಾಲ್ಲೂಕು. ನಮ್ಮ ಬಾಲ್ಯದಲ್ಲಿ ಆ ತಳಿಯ ಎತ್ತುಗಳ ಕೊರಳ ಗಂಟೆಯ ಸದ್ದು ಕೇಳದೆ ಬೆಳಗಾಗುತ್ತಿರಲಿಲ್ಲ. ಅದೇ ನೆಲದ ಮಗು ಆ ಹೋರಿಯನ್ನು ಕಟ್ಟುಕತೆಯೆಂದು ಸಂಶಯಪಡುವಂತಾಯಿತಲ್ಲ!

ತಿಳಿದುದರಿಂದ ತಿಳಿಯದುದಕ್ಕೆ ಕರೆದೊಯ್ಯಬೇಕೆಂಬುದು ಶಿಕ್ಷಕ ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಸೂತ್ರ. ಆದ್ದರಿಂದ ಆ ಶಬ್ದವನ್ನು ನಮ್ಮ ಮನೆಮಾತಿನಿಂದಲೇ ವಿವರಿಸಿದೆವು. ಹೊಸ ಸೊಸೆ ಮನೆಗೆ ಬಂದ ವರ್ಷ ಮಳೆ ಬೆಳೆ ಚೆನ್ನಾಗಿ ಆದರೆ ‘ಅವಳ ಕಾಲ್ಗುಣ ಒಳ್ಳೆಯದು’ ಎನ್ನುತ್ತೇವಲ್ಲವೆ? ಮ್ಯಾಸ್ಕಾಟ್ ಎಂದರೆ ಆಟದ ತಂಡಕ್ಕೆ ಒಳ್ಳೆಯ ಕಾಲ್ಗುಣ ತರುವ ಜೀವಿ. ಈ ಹೋಲಿಕೆ ಕೇವಲ ನಮ್ಮ ಕಲ್ಪನೆಯಲ್ಲ. ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿ ಮಾಟಗಾತಿಗೆ ‘ಮಾಸ್ಕೊ’ ಎಂದೂ ಆಕೆಯ ಮಂತ್ರದ ತಾಯಿತಕ್ಕೆ ‘ಮಾಸ್ಕೋತೊ’ ಎಂದೂ ಹೆಸರಿದ್ದಿತು. ೧೮೮೦ರಲ್ಲಿ ಎದ್ಮೋ ಒದ್ರಾಂ ಎಂಬ ಸಂಗೀತಕಾರನು ‘ಲಾ ಮಾಸ್ಕೋತ್’ ಎಂಬ ಗೀತನಾಟಕವನ್ನು ಪ್ಯಾರಿಸ್ ನಗರದಲ್ಲಿ ಆಡಿಸಿದನು. ತಾನಿದ್ದ ಮನೆಗೆ ಅದೃಷ್ಟವನ್ನು ತರುವ ಹಳ್ಳಿಯ ಹುಡುಗಿಯೊಬ್ಬಳ ಕಥೆ ಅದು. ಆ ನಾಟಕದ ಪ್ರಸಿದ್ಧಿಯಿಂದಲೇ ಶಬ್ದವು ಇಂಗ್ಲಿಷಿಗೆ ಬಂದು, ಅಲ್ಲಿಂದ ಲೋಕವನ್ನೆಲ್ಲ ಸುತ್ತಿತು.

ಆಟದ ಬಯಲಿಗೆ ಇದನ್ನು ಕರೆತಂದವರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಮುಖ್ಯರು. ೧೮೮೯ರಲ್ಲಿ ಯೇಲ್ ವಿಶ್ವವಿದ್ಯಾಲಯದ ಆಂಡ್ರೂ ಗ್ರೇವ್ಸ್ ಎಂಬ ವಿದ್ಯಾರ್ಥಿಯು ಕಮ್ಮಾರನೊಬ್ಬನಿಂದ ಒಂದು ಬುಲ್‌ಡಾಗ್ ನಾಯಿಯನ್ನು ಕೊಂಡನು. ಆಟ ಆರಂಭವಾಗುವ ಮುನ್ನ ಅದನ್ನು ಬಯಲಿನಲ್ಲಿ ನಡೆಸಿಕೊಂಡು ಹೋಗುವುದು ವಾಡಿಕೆಯಾಯಿತು. ‘ಹ್ಯಾಂಡ್ಸಮ್ ಡ್ಯಾನ್’, ಎಂದರೆ ‘ಚೆಲುವ ಡ್ಯಾನ್’ ಎಂದು ಅದಕ್ಕೆ ಹೆಸರು. ನೋಡುವುದಕ್ಕೆ ಆ ಜಾತಿಯ ನಾಯಿ ಚೆಲುವಾಗಿರುವುದಿಲ್ಲ. ಪ್ರೀತಿಯ ವಿನೋದ ಅದು. ಸತ್ತ ಮೇಲೆ ಅದರ ದೇಹವನ್ನು ಕೆಡದಂತೆ ಸಂಸ್ಕರಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅದರ ಹೆಸರನ್ನು ಮತ್ತೊಂದು ನಾಯಿಗೆ ಇಟ್ಟರು. ಹೀಗೆ ಪಟ್ಟವು ಒಂದರಿಂದ ಒಂದಕ್ಕೆ ಇಳಿಯುತ್ತ ಬಂದು ೨೦೨೧ರಲ್ಲಿ ಹತ್ತೊಂಬತ್ತನೆಯ ಡ್ಯಾನನಿಗೆ ಸಂದಿತು. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ‘ಉಗಾ’ ಎಂಬ ಬಿಳಿಯ ಬುಲ್‌ಡಾಗಿನ ಪರಂಪರೆ ೧೯೫೬ರಿಂದ ನಡೆದಿದೆ. ಕಾಲವಾದ ಉಗಾಗಳಿಗೆ ಕ್ರೀಡಾಂಗಣದಲ್ಲಿಯೇ ಸಮಾಧಿ ಉಂಟು.

ವಿದ್ಯೆ ಕಲಿತವರು ನಾಯಿಗೆ ಇಷ್ಟು ಮರ್ಯಾದೆ ಮಾಡುವುದೇಕೆಂದು ಯಾರಿಗಾದರೂ ನಗು ಬಂದೀತು. ನಾವು ಹಾಗೆ ನಗಲಾರೆವು. ವಿಶ್ವವಿದ್ಯಾಲಯವೆಂಬುದು ನಾಲ್ಕು ದಿಕ್ಕಿನಿಂದ ಬಂದ ಹುಡುಗರು ಮೂರು ನಾಲ್ಕು ವರ್ಷವಿದ್ದು ಹೊರಟುಹೋಗುವ ಛತ್ರದಂಥ ಸ್ಥಳ. ವಿದ್ಯಾರ್ಥಿಗಳು ಬದಲಾಗುತ್ತಾರೆ, ಅಧ್ಯಾಪಕರು ನಿವೃತ್ತರಾಗುತ್ತಾರೆ. ಆದರೆ ಆ ಒಂದು ಪ್ರಾಣಿಯ ಹೆಸರು ನಿಂತಿರುತ್ತದೆ. ನಲವತ್ತು ವರ್ಷದ ಹಿಂದೆ ಓದಿದ ಮುದುಕನೂ ಮೊನ್ನೆ ಸೇರಿದ ಹುಡುಗನೂ ಅದನ್ನು ಕಂಡಾಗ ಒಂದೇ ಸ್ವರದಲ್ಲಿ ಕೂಗುತ್ತಾರೆ. ಪರಿಚಯವಿಲ್ಲದವರನ್ನು ಒಂದು ವಾತ್ಸಲ್ಯದ ಸುತ್ತ ಕೂಡಿಸುವುದೇ ಅದರ ಕೆಲಸ. ಪಂದ್ಯವನ್ನು ಗೆಲ್ಲಿಸುವ ಶಕ್ತಿ ನಾಯಿಗಿರಲಿ, ಬಿಡಲಿ, ಸೋತ ದಿನವೂ ಜನರನ್ನು ಒಟ್ಟಿಗೆ ಇರಿಸುವ ಶಕ್ತಿ ಅದಕ್ಕೆ ಇದೆ.

ಈ ವಾಡಿಕೆಗೆ ಇನ್ನೊಂದು ಮುಖವೂ ಉಂಟು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ೧೯೨೬ರಿಂದ ವಿದ್ಯಾರ್ಥಿಯೊಬ್ಬನು ಆ ನಾಡಿನ ಮೂಲನಿವಾಸಿ ನಾಯಕನ ವೇಷ ಧರಿಸಿ, ಗರಿಯ ಕಿರೀಟ ಇಟ್ಟುಕೊಂಡು, ಆಟದ ನಡುವೆ ಕುಣಿಯುತ್ತಿದ್ದನು. ನೋಡುವವರಿಗೆ ಅದು ಉತ್ಸಾಹ. ತಮ್ಮ ನೆಲವನ್ನು ಕಳೆದುಕೊಂಡ ಜನಕ್ಕೆ ಅದು ಹೇಗೆ ಕಂಡೀತು? ತಮ್ಮ ಉಡುಗೆ, ತಮ್ಮ ಕುಣಿತ ಎಲ್ಲವೂ ಅಂಗಳದಲ್ಲಿದೆ. ತಾವು ಮಾತ್ರ ಇಲ್ಲ. ಬಹುಕಾಲದ ಆಕ್ಷೇಪಣೆಯ ನಂತರ ೨೦೦೭ರಲ್ಲಿ ಆ ವೇಷವನ್ನು ನಿಲ್ಲಿಸಿದರು. ವೇಷದ ಹಿಂದಿರುವ ಜೀವವನ್ನು ಮರೆತರೆ ಗೌರವವೂ ಅಪಹಾಸ್ಯವಾಗುತ್ತದೆಂಬ ಪಾಠ ಇದರಲ್ಲಿದೆ.

ನಮ್ಮ ದೇಶದ ಮಕ್ಕಳ ಮನಸ್ಸಿನಲ್ಲಿ ನೆಲೆನಿಂತ ಕ್ರೀಡಾಚಿಹ್ನೆಯೆಂದರೆ ‘ಅಪ್ಪು’ ಎಂಬ ಆನೆಮರಿ. ೧೯೮೨ರ ನವೆಂಬರ್ ೧೯ರಂದು ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟ ಆರಂಭವಾದಾಗ ನಾವು ಪ್ರಾಥಮಿಕ ಶಾಲೆಯ ಬಾಲಕರು. ನಮ್ಮೂರಿನಲ್ಲಿ ದೂರದರ್ಶನವಿರಲಿಲ್ಲ. ಚಹದಂಗಡಿಗೆ ಬರುತ್ತಿದ್ದ ಪತ್ರಿಕೆಯ ಚಿತ್ರವೇ ನಮಗೆ ಕ್ರೀಡಾಕೂಟ. ಆಟಗಾರರ ಹೆಸರು ಒಂದೂ ತಿಳಿಯದ ನಮಗೆ ಅಪ್ಪುವಿನ ಹೆಸರು ತಿಳಿದಿದ್ದಿತು. ಸ್ಲೇಟಿನ ಮೇಲೆ ಅದರ ಚಿತ್ರ ಬರೆಯದ ಹುಡುಗ ತರಗತಿಯಲ್ಲಿರಲಿಲ್ಲ.

ಆ ಅಪ್ಪು ಬರಿಯ ಚಿತ್ರವಾಗಿರಲಿಲ್ಲ. ಕೇರಳದಿಂದ ಹಲವು ಆನೆಗಳನ್ನು ರೈಲಿನಲ್ಲಿ ದಿಲ್ಲಿಗೆ ಕರೆದೊಯ್ದಿದ್ದರು. ಅಪ್ಪುವೆಂದು ಹೆಸರಾದ ಮರಿಯಾನೆಯ ನಿಜವಾದ ಹೆಸರು ಕುಟ್ಟಿನಾರಾಯಣನ್. ದೇಶಕ್ಕೆಲ್ಲ ಮುದ್ದಾಗಿದ್ದ ಆ ಮರಿ ಏಳು ವರ್ಷದ್ದಿರುವಾಗ ಗುಂಡಿಯೊಂದರಲ್ಲಿ ಕಾಲಿಟ್ಟು, ಕಾಲು ಮುರಿದುಕೊಂಡಿತು. ಆ ಗಾಯ ಕೊನೆಯವರೆಗೂ ಪೂರ್ಣವಾಗಿ ಮಾಯಲಿಲ್ಲ. ೨೦೦೫ರ ಮೇ ೧೪ರಂದು ಅದು ಸತ್ತಿತು. ಅದರ ಹೆಸರಿನಲ್ಲಿ ೧೯೮೪ರಲ್ಲಿ ದಿಲ್ಲಿಯಲ್ಲಿ ತೆರೆದ ‘ಅಪ್ಪು ಘರ್’ ಎಂಬ ವಿನೋದವನದಲ್ಲಿ ಮಕ್ಕಳು ನಗುತ್ತಲೇ ಇದ್ದರು. ಕುಂಟುತ್ತಿದ್ದ ಅಪ್ಪುವನ್ನು ನೆನೆದವರು ಕೆಲವರು ಮಾತ್ರ. ೨೦೦೮ರಲ್ಲಿ ಆ ವನವೂ ಮುಚ್ಚಿತು. ಈ ವೃತ್ತಾಂತವನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಪ್ಪುವಿನ ತರುವಾಯ ನಮ್ಮಲ್ಲಿ ಈ ಪದ್ಧತಿ ಬೆಳೆಯಿತು. ೨೦೧೫ರಲ್ಲಿ ಕೇರಳದ ರಾಷ್ಟ್ರೀಯ ಕ್ರೀಡಾಕೂಟಕ್ಕೆ ‘ಅಮ್ಮು’ ಎಂಬ ಮಂಗಟ್ಟೆ ಹಕ್ಕಿ ಬಂದಿತು. ೨೦೨೩ರಲ್ಲಿ ಗೋವೆಯ ಕೂಟಕ್ಕೆ ‘ಮೋಗಾ’ ಎಂಬ ಕಾಡುಕೋಣ. ಅದೇ ವರ್ಷ ಉತ್ತರ ಪ್ರದೇಶದಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ ಆ ರಾಜ್ಯದ ಬಾರಾಸಿಂಗ ಜಿಂಕೆಯು ‘ಜೀತು’ ಎಂಬ ಹೆಸರಿನಿಂದ ಗುರುತಾಯಿತು. ಅಮೆರಿಕದಲ್ಲಿ ಒಂದೊಂದು ವಿಶ್ವವಿದ್ಯಾಲಯಕ್ಕೂ ತನ್ನದೇ ಪ್ರಾಣಿ. ನಮ್ಮಲ್ಲಿ ವಿಶ್ವವಿದ್ಯಾಲಯಗಳೆಲ್ಲ ಕೂಡಿ ಆಡುವ ಕೂಟಕ್ಕೆ ಆತಿಥೇಯ ನಾಡಿನ ಪ್ರಾಣಿ. ನಮ್ಮ ಕ್ರಮದಲ್ಲಿ ಹೊರಗಿನಿಂದ ಬಂದ ಮಕ್ಕಳಿಗೆ ಒಂದು ನಾಡಿನ ಕಾಡು ಮೇಡುಗಳ ಪರಿಚಯವೂ ಆಗುತ್ತದೆ.

ತಮಿಳುನಾಡಿನಲ್ಲಂತೂ ಇತ್ತೀಚೆಗೆ ಇಂಥ ಗುರುತುಗಳು ಒಂದರ ಹಿಂದೆ ಒಂದು ಬಂದವು. ೨೦೨೨ರಲ್ಲಿ ಮಾಮಲ್ಲಪುರದ ಚದುರಂಗ ಒಲಿಂಪಿಯಾಡಿಗೆ ‘ತಂಬಿ’ ಬಂದನು. ಚದುರಂಗದ ಕುದುರೆ, ಬಿಳಿಯ ಅಂಗಿ, ಪಂಚೆ ಉಟ್ಟು ಕೈಮುಗಿದು ನಿಂತ ರೂಪ. ೨೦೨೩ರ ಆಗಸ್ಟಿನಲ್ಲಿ ಚೆನ್ನೈನ ಏಷ್ಯನ್ ಹಾಕಿ ಪಂದ್ಯಗಳಿಗೆ ‘ಬೊಮ್ಮನ್’ ಎಂಬ ಆನೆ. ನಮ್ಮ ವಾಯವ್ಯಕ್ಕಿರುವ ಮುದುಮಲೆಯ ತೆಪ್ಪಕಾಡು ಶಿಬಿರದಲ್ಲಿ ಅನಾಥ ಮರಿಗಳನ್ನು ಸಾಕಿದ ಮಾವುತನ ಹೆಸರು ಅದು. ಆನೆಗೆ ಮಾವುತನ ಹೆಸರಿಟ್ಟ ಔಚಿತ್ಯ ನಮಗೆ ಮೆಚ್ಚಿಗೆಯಾಯಿತು. ೨೦೨೪ರ ಜನವರಿಯಲ್ಲಿ ನಮ್ಮ ಕೊಯಮತ್ತೂರೂ ಸೇರಿದಂತೆ ನಾಲ್ಕು ನಗರಗಳಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟಕ್ಕೆ ಶಿವಗಂಗೆಯ ರಾಣಿ ವೇಲು ನಾಚ್ಚಿಯಾರ್ ಗುರುತಾದಳು. ಆ ವೀರರಾಣಿಗೆ ಕಷ್ಟಕಾಲದಲ್ಲಿ ಮೈಸೂರಿನ ಹೈದರಾಲಿಯು ನೆರವಾದನೆಂಬುದನ್ನು ಕನ್ನಡ ಮಕ್ಕಳು ತಿಳಿದಿರಬೇಕು. ಇವೆಲ್ಲಕ್ಕೂ ಬೆನ್ನಿಗೆ ಬಂದವನು ಕಾಂಗೇಯನ್.

ಈ ವಾಡಿಕೆಯು ಪಶ್ಚಿಮದಿಂದ ಬಂದದ್ದೆಂದು ಹೇಳಿದೆವು. ಹೆಸರು ಮಾತ್ರ ಅಲ್ಲಿಯದು; ಭಾವ ನಮ್ಮಲ್ಲಿ ಮೊದಲೇ ಇದ್ದಿತು. ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕನ್ನಡವಾಡುವ ಕಾಪಿಲಿಯರು ಇದ್ದಾರೆ. ಅವರಲ್ಲಿ ದೇವರ ಹೆಸರಿನಲ್ಲಿ ಬಿಟ್ಟ ದನಗಳ ಹಿಂಡು ಉಂಟು. ತಮಿಳಿನಲ್ಲಿ ಅದಕ್ಕೆ ‘ತಂಬಿರಾನ್ ಮಾಡು’ ಎಂದು ಹೆಸರು. ಹಿಂಡಿಗೊಂದು ಪಟ್ಟದ ಹೋರಿ. ಅದು ಸತ್ತರೆ ಮರ್ಯಾದೆಯಿಂದ ಹೂಳುತ್ತಾರೆ. ಹೊಸ ಹೋರಿಯನ್ನು ಮನುಷ್ಯರು ಆರಿಸುವುದಿಲ್ಲ. ಶುಭದಿನದಂದು ಹಿಂಡನ್ನು ಕೂಡಿಸಿ, ಕರ್ಪೂರ ಬೆಳಗಿ, ಕಬ್ಬಿನ ಜಲ್ಲೆಗಳನ್ನು ಮುಂದಿಟ್ಟು ಕಾಯುತ್ತಾರೆ. ಯಾವ ಹೋರಿ ಮೊದಲು ಬಂದು ಕಬ್ಬಿಗೆ ಬಾಯಿಡುತ್ತದೆಯೋ ಅದಕ್ಕೇ ಪಟ್ಟ. ದಕ್ಷಿಣ ಭಾರತದ ಜನಾಂಗಗಳನ್ನು ಕುರಿತು ೧೯೦೯ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ಸಂಪುಟಗಳಲ್ಲಿ ಈ ಆಚಾರದ ವರ್ಣನೆ ಇದೆ. ಡ್ಯಾನನ ಪಟ್ಟಾಭಿಷೇಕಕ್ಕೂ ಉಗಾನ ಸಮಾಧಿಗೂ ಇದಕ್ಕೂ ಎಷ್ಟು ಸಾಮ್ಯ! ವ್ಯತ್ಯಾಸವೂ ಇದೆ. ಪಟ್ಟದ ಹೋರಿಗೆ ಪಟ್ಟ ಕಟ್ಟಿದವರು ಅದರ ಜೊತೆಗೆ ಇಡೀ ಹಿಂಡನ್ನು ಸಾಕುವ ಹೊಣೆಯನ್ನೂ ಹೊತ್ತಿದ್ದರು.

ನಮ್ಮ ಸಮೀಪದಲ್ಲಿಯೇ ಉಡುಮಲೈಪೇಟೆಯ ಕಡೆ ಸೋಮವಾರಪಟ್ಟಿಯ ಆಲ್‌ಕೊಂಡಮಾಲ್ ದೇವಾಲಯವಿದೆ. ಪೊಂಗಲ್ ಹಬ್ಬದಲ್ಲಿ ರೈತರು ತಮ್ಮ ದನಗಳ ಕ್ಷೇಮಕ್ಕಾಗಿ ಮಣ್ಣಿನ ದನದ ಗೊಂಬೆಗಳನ್ನು ಅಲ್ಲಿ ಒಪ್ಪಿಸುತ್ತಾರೆ. ಆ ಗೊಂಬೆಯೂ ಒಂದು ಚಿಹ್ನೆಯೇ. ಆದರೆ ಗೊಂಬೆಯನ್ನು ಒಪ್ಪಿಸಿದವನ ಮನೆಯಲ್ಲಿ ಜೀವಂತ ದನವೊಂದು ಮೇವಿಗಾಗಿ ಕಾದಿರುತ್ತದೆ.

ಇನ್ನು ಕಾಂಗೇಯದ ಹೋರಿಯ ವಿಷಯ. ಈ ತಳಿಯ ಕರು ಹುಟ್ಟುವಾಗ ಕೆಂಪಾಗಿರುತ್ತದೆ; ಕೆಲವು ತಿಂಗಳಲ್ಲಿ ಬೂದುಬಣ್ಣಕ್ಕೆ ತಿರುಗುತ್ತದೆ. ಬೆಳೆದ ಹೋರಿಯ ಕತ್ತು, ಹಿಣಿಲು, ಮುಂದೊಡೆ, ಹಿಂದೊಡೆಗಳಲ್ಲಿ ಕಪ್ಪು ಛಾಯೆ ಇಳಿದು, ಮಳೆಗಾಲದ ಮೋಡ ನಡೆದು ಬಂದಂತೆ ಕಾಣುತ್ತದೆ. ಮಳೆ ಕಡಮೆಯಾದ ಈ ನೆಲಕ್ಕೆ ಒಗ್ಗಿದ ದನ ಅದು. ಅದರ ತೌರುಮನೆ ‘ಕೊರಂಗಾಡು’ ಎಂಬ ಹುಲ್ಲುಗಾವಲು: ಸುತ್ತ ಜೀವಂತ ಮುಳ್ಳುಬೇಲಿ, ಒಳಗೆ ಕೊಳುಕ್ಕಟ್ಟೆ ಹುಲ್ಲು, ಅಲ್ಲಲ್ಲಿ ಬಿಳಿಜಾಲಿಯ ಮರ. ಪಾಳಯಕೋಟೆಯ ಪಟ್ಟಗಾರರ ಮನೆತನವು ತಳಿಯನ್ನು ಶ್ರದ್ಧೆಯಿಂದ ತಿದ್ದಿ ಬೆಳೆಸಿತು. ಆಳವಾದ ಬಾವಿಯಿಂದ ಕಪಿಲೆಯಲ್ಲಿ ನೀರೆಳೆಯುವುದಕ್ಕೆ, ಭಾರದ ಬಂಡಿ ಹೂಡುವುದಕ್ಕೆ ಇದರಂಥ ಎತ್ತು ಇನ್ನೊಂದಿರಲಿಲ್ಲ.

ಕಾಲ ಬದಲಾಯಿತು. ಬಾವಿಗೆ ವಿದ್ಯುತ್ ಪಂಪು ಬಂದಿತು, ಕಪಿಲೆ ನಿಂತಿತು. ಹೊಲಕ್ಕೆ ಟ್ರ್ಯಾಕ್ಟರು, ದಾರಿಗೆ ಲಾರಿ ಬಂದವು. ಹಾಲಿನ ಆದಾಯಕ್ಕೆ ಜರ್ಸಿ ಬೆರಕೆಯ ಹಸುಗಳು ಬಂದವು. ಮೇವಿನ ನೆಲವನ್ನು ಕಾರ್ಖಾನೆಗಳೂ ಮನೆ ನಿವೇಶನಗಳೂ ಆಕ್ರಮಿಸಿದವು. ಯಾರೂ ದ್ವೇಷದಿಂದ ಈ ದನವನ್ನು ಓಡಿಸಲಿಲ್ಲ. ಅದಕ್ಕೆ ಕೆಲಸವಿಲ್ಲದಂತಾಯಿತು, ಅಷ್ಟೆ. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟನ್ನು ನಿಷೇಧಿಸಿದಾಗ ಮತ್ತು ೨೦೧೭ರ ಜನವರಿಯಲ್ಲಿ ಅದಕ್ಕಾಗಿ ತರುಣರು ಚೆನ್ನೈನ ಮರೀನಾ ಕಡಲತೀರದಲ್ಲಿ ಕೂಡಿದಾಗ, ನಾಡಿನ ತಳಿಗಳ ಹೆಸರು ಎಲ್ಲರ ಬಾಯಲ್ಲೂ ಬಂದಿತು. ಆ ವರ್ಷವೇ ರಾಜ್ಯವು ಕಾನೂನನ್ನು ತಿದ್ದಿತು. ೨೦೨೩ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕುಟ್ಟಪಾಳಯದ ಸೇನಾಪತಿ ಪ್ರತಿಷ್ಠಾನದಂಥ ಸಂಸ್ಥೆಗಳು ಕಾಂಗೇಯದ ತಳಿಯನ್ನು ಉಳಿಸಲು ದುಡಿಯುತ್ತ ಬಂದಿವೆ. ಈರೋಡಿನ ಬರಗೂರು ಬೆಟ್ಟದಲ್ಲಿ ನಮ್ಮ ಕನ್ನಡ ಲಿಂಗಾಯತರು ಸಾಕುವ, ಕೆಂಪು ಮೈಮೇಲೆ ಬಿಳಿಯ ಮಚ್ಚೆಗಳ ಬರಗೂರು ದನಕ್ಕೂ ಇಂಥ ಕಾಳಜಿ ಬೇಕಾಗಿದೆ.

ಆ ಬಾಲಕನ ಸಂಶಯವನ್ನು ಮಾತಿನಿಂದ ತೀರಿಸುವುದು ನಮಗೆ ಸರಿತೋರಲಿಲ್ಲ. ಮುಂದಿನ ಶನಿವಾರ ಮೂವತ್ತು ಮಕ್ಕಳನ್ನು ಕರೆದುಕೊಂಡು ಊರ ತೆಂಕಣ ತೋಟಕ್ಕೆ ಹೋದೆವು. ನಮ್ಮ ಊರಿನಲ್ಲಿ ಈಗ ಕಾಂಗೇಯದ ದನಗಳಿರುವುದು ಎರಡೇ ಮನೆಯಲ್ಲಿ. ಹೋರಿ ಇರುವುದು ಒಂದೇ ಕಡೆ. ಅದನ್ನು ಸಾಕಿದ ಹಿರಿಯರಿಗೆ ಎಪ್ಪತ್ತೈದರ ಮೇಲೆ. ಮಗ ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿದ್ದಾನೆ. ಮಕ್ಕಳು ಬೇಲಿಯ ಹೊರಗೇ ನಿಂತರು. ಹೋರಿ ತಲೆ ಎತ್ತಿ ನೋಡಿತು; ಗಂಗೆದೊಗಲು ಅಲುಗಿತು. ಚಿತ್ರ ತಂದಿದ್ದ ಬಾಲಕನು ಕಾಗದವನ್ನೊಮ್ಮೆ, ಹೋರಿಯನ್ನೊಮ್ಮೆ ನೋಡಿ, “ಇದು ಅದಕ್ಕಿಂತ ದೊಡ್ಡದು!” ಎಂದನು.

ನಾವು ಆ ಹಿರಿಯರಿಗೆ ಚಿತ್ರವನ್ನು ತೋರಿಸಿ, “ದೊಡ್ಡಪ್ಪ, ನಿಮ್ಮ ಬಸವ ಲೋಕಪ್ರಸಿದ್ಧನಾದ, ನೋಡಿ” ಎಂದೆವು. ಅವರು ಅದನ್ನು ದೂರ ಹಿಡಿದು ನೋಡಿ ನಕ್ಕರು. “ಚೆನ್ನಾಗದೆ ವಾದ್ಯಾರೇ. ಆದರೆ ಪಟದ ಬಸವನಿಗೆ ಮೇವು ಬೇಡ. ನನ್ನ ಬಸವನಿಗೆ ಬೇಕಲ್ಲ. ಬರೋ ಕಣ್ಣಪುರದ ಜಾತ್ರೆಗೆ ಹೊಡೆದುಬಿಡೋಣ ಅಂತಿದೀನಿ. ನನಗೂ ಕೈಲಾಗೋದಿಲ್ಲ” ಎಂದರು.

ಮಕ್ಕಳಿಗೆ ಆ ಮಾತು ಅರ್ಥವಾಯಿತು. ದಾರಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಸೋಮವಾರ ಪ್ರಾರ್ಥನೆಯ ನಂತರ ಐದಾರು ಹುಡುಗರು ನಮ್ಮ ಕೋಣೆಗೆ ಬಂದು, ರಜೆಯ ದಿನ ತಾವು ಸರದಿಯ ಮೇಲೆ ಹೋಗಿ ಜೋಳದ ದಂಟು ಕೊಯ್ದು ಹಾಕಬಹುದೇ, ತೊಟ್ಟಿಗೆ ನೀರು ತುಂಬಬಹುದೇ ಎಂದು ಕೇಳಿದರು. ತಂದೆತಾಯಿಗಳ ಒಪ್ಪಿಗೆ ಪಡೆದು ಅನುಮತಿಸಿದೆವು. ವಾರಕ್ಕೊಂದು ದಿನದ ಈ ಸಹಾಯದಿಂದ ಹೋರಿಯ ಹೊಟ್ಟೆ ತುಂಬುವುದಿಲ್ಲವೆಂಬುದನ್ನು ನಾವು ಬಲ್ಲೆವು. ಹಿಂಡಿ, ಬೂಸದ ಖರ್ಚು ಹಾಗೆಯೇ ಇದೆ. ಮುಪ್ಪು ಹಾಗೆಯೇ ಇದೆ. ಜಾತ್ರೆಯ ಮಾತನ್ನು ಆ ಹಿರಿಯರು ಪೂರ್ತಿ ಬಿಟ್ಟಿಲ್ಲ. ಮತ್ತೆ ಆಡಿಯೂ ಇಲ್ಲ. ಇದನ್ನು ಬರೆಯುವ ಹೊತ್ತಿಗೆ ಹೋರಿ ದೊಡ್ಡಿಯಲ್ಲಿಯೇ ಇದೆ. ಶಾಲೆಯ ಆಟದ ದಿನ ತಮ್ಮ ತಂಡಕ್ಕೆ ಅದರ ಹೆಸರನ್ನೇ ಇಡಬೇಕೆಂದು ಹುಡುಗರು ನಿಶ್ಚಯಿಸಿದ್ದಾರೆ. ಈ ಹೆಸರನ್ನು ಅವರು ದುಡಿದು ಗಳಿಸಿದ್ದಾರೆಂದು ನಮಗೆ ತೋರುತ್ತದೆ.

ಓದುಗ ಬಂಧುಗಳೇ, ಕ್ರೀಡಾಚಿಹ್ನೆಗಳನ್ನು ನಾವು ಹಳಿಯುತ್ತಿಲ್ಲ. ಚಿತ್ರದ ಕಾಂಗೇಯನ್ ಬಾರದಿದ್ದರೆ ನಮ್ಮ ಮಕ್ಕಳು ನಿಜವಾದ ಹೋರಿಯ ಬಳಿಗೆ ಹೋಗುತ್ತಿರಲಿಲ್ಲ. ಚಿಹ್ನೆಯು ದಾರಿ ತೋರಿಸುವ ಕೈ. ಆ ದಾರಿಯಲ್ಲಿ ನಡೆಯುವುದು ನಮ್ಮ ಕೆಲಸ. ಯಾವುದನ್ನು ಮೆರವಣಿಗೆಯಲ್ಲಿ ಮುಂದಿಡುತ್ತೇವೆಯೋ ಅದಕ್ಕೆ ಹಿತ್ತಲಿನಲ್ಲಿ ಮೇವು ಹಾಕುವವರು ಯಾರೆಂದು ಕೇಳಿಕೊಳ್ಳಬೇಕು.

ಈ ಮಾತು ದನಗಳಿಗೆ ಮಾತ್ರ ಸಲ್ಲುವುದಿಲ್ಲ. ಗಡಿಯಾಚೆ ನೆಲಸಿದ ನಾವು ಸಂಘದ ವಾರ್ಷಿಕೋತ್ಸವದಂದು ಮಗುವಿಗೆ ಕಿತ್ತೂರು ಚೆನ್ನಮ್ಮನ ವೇಷ ಹಾಕಿಸಿ ವೇದಿಕೆಗೆ ಹತ್ತಿಸುತ್ತೇವೆ, ಕೈತಟ್ಟಿ ಹಿಗ್ಗುತ್ತೇವೆ. ಅದು ಒಳ್ಳೆಯದೇ. ಆದರೆ ಮರುದಿನ ಅಜ್ಜಿ ಕನ್ನಡದಲ್ಲಿ ಕೇಳಿದ ಮಾತಿಗೆ ಅದೇ ಮಗು ಉತ್ತರ ತೋರದೆ ನಿಂತರೆ, ನುಡಿಯೂ ಪಟದ ಬಸವನಾದಂತೆಯೇ ಸರಿ. ಶಾಲೆಯಲ್ಲಿ ತಮಿಳನ್ನು ಚೆನ್ನಾಗಿ ಕಲಿಯಲಿ, ಇಂಗ್ಲಿಷನ್ನೂ ಕಲಿಯಲಿ. ಮೇಷ್ಟ್ರಾಗಿ ನಾವೇ ಅದನ್ನು ಬಯಸುತ್ತೇವೆ. ರಾತ್ರಿ ಊಟದ ಹೊತ್ತಿನಲ್ಲಿ ಮಗುವಿನೊಡನೆ ಅರ್ಧ ಗಂಟೆ ಕನ್ನಡದಲ್ಲಿ ಮಾತಾಡುವುದಕ್ಕೆ ಕಾಸು ಖರ್ಚಾಗುವುದಿಲ್ಲ. ಮೊದಲಿಗೆ ಆ ದಿನ ಶಾಲೆಯಲ್ಲಿ ಆಡಿದ ಆಟ ಯಾವುದು, ಗೆದ್ದವರು ಯಾರು ಎಂಬುದನ್ನೇ ಕೇಳಿದರಾಯಿತು.